ಬಟಾಟೆಯ ಬಿಲ್ಲೆ: ಒಂದು ಗರಿಗರಿಯಾದ ಉದ್ಯಮದ ಕಥೆ

ಮುಂಡಗೋಡ ತಾಲ್ಲೂಕಿನ ಪಾಳಾ ಗ್ರಾಮವು ಮಲೆನಾಡು ಕೊನೆಗೊಂಡು ಬಯಲುಸೀಮೆ ಮೊದಲಾಗುವ ಅಂಚಿನಲ್ಲಿದೆ. ಇಂತಹ ಊರುಗಳ ಕಿರಾಣಿ ಅಂಗಡಿಗಳ ಮುಂದೆ ಎರಡು ಬಗೆಯ ಪೊಟ್ಟಣಗಳನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು, ದೂರದ ಕಾರ್ಖಾನೆಯಿಂದ ಬಂದದ್ದು. ಥಳಥಳಿಸುವ ಹಾಳೆ, ಗಾಳಿ ತುಂಬಿ ಉಬ್ಬಿದ ಮೈ. ಇನ್ನೊಂದು, ಆಸುಪಾಸಿನ ಯಾರದೋ ಬಾಣಲೆಯಿಂದ ಇಳಿದದ್ದು. ಪಾರದರ್ಶಕವಾದ ಸಾಧಾರಣ ಚೀಲ, ಬಾಯಿಗೆ ಮೊಳೆ ಹೊಡೆದ ಒಂದು ಚೀಟಿ. ಒಳಗಿರುವುದು ಬಟಾಟೆಯ ಚಿಪ್ಸ್ ಆಗಿರಬಹುದು, ಬಾಳೆಕಾಯಿಯದೋ ಹಲಸಿನಕಾಯಿಯದೋ ಆಗಿರಬಹುದು. ಎರಡು ಪೊಟ್ಟಣಗಳೂ ಒಂದೇ ಮೊಳೆಗೆ ತೂಗಾಡುತ್ತವೆ, ಎರಡಕ್ಕೂ ಕೊಳ್ಳುವವರಿದ್ದಾರೆ.

ಕೋಟ್ಯಂತರ ರೂಪಾಯಿಗಳ ಬಂಡವಾಳವುಳ್ಳ ಜಾಗತಿಕ ಸಂಸ್ಥೆಯ ಎದುರಿನಲ್ಲಿ ಒಂದು ಸೀಮೆಯ ಚಿಪ್ಸ್ ತಯಾರಕನು ಬದುಕುಳಿಯುವುದು ಹೇಗೆ? ಇದು ವ್ಯಾಪಾರದ ಪ್ರಶ್ನೆಯೆಂದು ತೋರಿದರೂ ಇದರ ಉತ್ತರದ ಬಹುಭಾಗ ಅಡಗಿರುವುದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಲ್ಲಿ. ಆ ಉತ್ತರವನ್ನು ಹುಡುಕಲು ಮೊದಲು ಚಿಪ್ಸಿನ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಹುಟ್ಟಿನ ಕಥೆ

ಬಟಾಟೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸೀಮೆ. ಪೋರ್ಚುಗೀಸರ ಮೂಲಕ ಅದು ನಮ್ಮ ದೇಶದ ಪಶ್ಚಿಮ ಕರಾವಳಿಗೆ ಬಂದಿತು. ಹಳೆಯ ಮೈಸೂರಿನವರು ‘ಆಲೂಗೆಡ್ಡೆ’ ಎನ್ನುವುದನ್ನು ಉತ್ತರ ಕನ್ನಡದವರೂ ಧಾರವಾಡದವರೂ ‘ಬಟಾಟೆ’ ಎನ್ನುತ್ತಾರೆ. ಪೋರ್ಚುಗೀಸರ ಪದವೇ ಇಲ್ಲಿ ಉಳಿದುಕೊಂಡಿದೆ.

ಅದನ್ನು ತೆಳ್ಳಗೆ ಕೊಯ್ದು ಕರಿದವರಲ್ಲಿ ಮೊದಲಿಗರು ಯಾರು? ೧೮೫೩ರಲ್ಲಿ ಅಮೆರಿಕದ ಸಾರಟೋಗಾ ಸ್ಪ್ರಿಂಗ್ಸ್ ಎಂಬ ಊರಿನ ಭೋಜನಗೃಹದಲ್ಲಿ, ಹೋಳುಗಳು ದಪ್ಪವಾಗಿವೆಯೆಂದು ಗೊಣಗಿದ ಗಿರಾಕಿಯ ಮೇಲಿನ ಸಿಟ್ಟಿಗೆ ಜಾರ್ಜ್ ಕ್ರಮ್ ಎಂಬ ಅಡಿಗೆಯವನು ಕಾಗದದಷ್ಟು ತೆಳ್ಳಗೆ ಕೊಯ್ದು ಕರಿದುಕೊಟ್ಟನೆಂಬ ಕಥೆ ಬಹಳ ಪ್ರಸಿದ್ಧ. ಆದರೆ ವಿಲಿಯಮ್ ಕಿಚಿನರ್ ಎಂಬ ಆಂಗ್ಲ ವೈದ್ಯನು ೧೮೧೭ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿಯೇ ಬಟಾಟೆಯ ಹೆರಕಲುಗಳನ್ನು ಕೊಬ್ಬಿನಲ್ಲಿ ಗರಿಗರಿಯಾಗಿ ಕರಿಯುವ ಕ್ರಮವಿದೆ. ಸಾರಟೋಗಾದ ಕಥೆ ಸೊಗಸಾಗಿರುವುದರಿಂದ ಉಳಿದಿದೆಯೇ ಹೊರತು ಸಾಕ್ಷ್ಯದ ಬಲದಿಂದಲ್ಲ.

ಮುಂದೆ ಈ ತಿನಿಸು ಬೆಳೆದ ರೀತಿ ಗಮನಾರ್ಹವಾದುದು. ಎಲ್ಲೆಡೆಯೂ ಅದನ್ನು ಬೆಳೆಸಿದವರು ಆಯಾ ಸೀಮೆಯ ಸಣ್ಣ ತಯಾರಕರು. ೧೯೨೦ರಲ್ಲಿ ಲಂಡನ್ನಿನಲ್ಲಿ ಫ್ರ್ಯಾಂಕ್ ಸ್ಮಿತ್ ಎಂಬುವನು ಉದ್ಯಮವನ್ನು ಆರಂಭಿಸಿ, ಪೊಟ್ಟಣದೊಳಗೆ ಉಪ್ಪಿನ ಒಂದು ಚಿಕ್ಕ ಕಾಗದದ ಗಂಟನ್ನು ಇರಿಸಿದನು. ೧೯೨೬ರಲ್ಲಿ ಕ್ಯಾಲಿಫೋರ್ನಿಯದ ಲಾರಾ ಸ್ಕಡರ್ ಎಂಬಾಕೆ ಮೇಣಗಾಗದದ ಹಾಳೆಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಸೆಯಿಸಿ ಚೀಲ ಮಾಡಿಸಿದಳು. ಅದುವರೆಗೆ ಡಬ್ಬದಿಂದಲೋ ಪೀಪಾಯಿಯಿಂದಲೋ ಅಳೆದು ಕೊಡುತ್ತಿದ್ದ ಚಿಪ್ಸ್, ತಳಕ್ಕೆ ಬರುವ ಹೊತ್ತಿಗೆ ಮೆತ್ತಗಾಗಿ ಪುಡಿಯಾಗಿರುತ್ತಿದ್ದವು. ೧೯೫೪ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಜೋ ಮರ್ಫಿ ಎಂಬುವನು ‘ಟೇಟೊ’ ಎಂಬ ಉದ್ಯಮವನ್ನು ಹೂಡಿ, ಗಿಣ್ಣು ಮತ್ತು ಈರುಳ್ಳಿಯ ರುಚಿ ಬೆರೆಸಿದ ಚಿಪ್ಸನ್ನು ಜನಪ್ರಿಯಗೊಳಿಸಿದನು.

ಸಿನಿಮಾ ಮಂದಿರದಿಂದ ಕಾರ್ಖಾನೆಗೆ

ನಮ್ಮ ದೇಶದಲ್ಲಿ ಸೀಮೆಯ ತಯಾರಕನ ಅತಿ ಪ್ರಸಿದ್ಧ ಉದಾಹರಣೆ ಗುಜರಾತಿನ ರಾಜಕೋಟೆಯದು. ಜಾಮನಗರ ಜಿಲ್ಲೆಯ ಒಂದು ಹಳ್ಳಿಯ ವಿರಾಣಿ ಎಂಬ ರೈತ ಕುಟುಂಬವು ೧೯೭೨ರಲ್ಲಿ ಜಮೀನನ್ನು ಮಾರಿತು. ಗಂಡುಮಕ್ಕಳು ಆ ಹಣದಲ್ಲಿ ರಾಜಕೋಟೆಯಲ್ಲಿ ಕೃಷಿ ಸಾಮಗ್ರಿಗಳ ವ್ಯಾಪಾರ ಹೂಡಿ ಸೋತರು. ೧೯೭೪ರಲ್ಲಿ ಅವರಲ್ಲಿ ಚಂದುಭಾಯಿ ವಿರಾಣಿಯವರು ಆಸ್ಟ್ರಾನ್ ಎಂಬ ಸಿನಿಮಾ ಮಂದಿರದ ಉಪಾಹಾರಗೃಹದಲ್ಲಿ ಕೆಲಸಕ್ಕೆ ಸೇರಿದರು. ಕ್ರಮೇಣ ಆ ಉಪಾಹಾರಗೃಹದ ಗುತ್ತಿಗೆಯೇ ಸೋದರರಿಗೆ ದೊರೆಯಿತು.

ಅಲ್ಲಿ ಮಾರುತ್ತಿದ್ದ ತಿನಿಸುಗಳಲ್ಲಿ ಬಟಾಟೆಯ ‘ವೇಫರ್’ ಒಂದು. ಅದನ್ನು ಹೊರಗಿನವರಿಂದ ತರಿಸುತ್ತಿದ್ದರು. ಸರಬರಾಜು ಕ್ರಮವಾಗಿರಲಿಲ್ಲ, ಬೇಡಿಕೆಯಿದ್ದರೂ ಮಾಲು ಇಲ್ಲವಾಗುತ್ತಿತ್ತು. ೧೯೮೨ರಲ್ಲಿ ಅವರು ಮನೆಯ ಅಂಗಳದಲ್ಲಿಯೇ ಬಾಣಲೆಯಿಟ್ಟರು. ೧೯೮೯ರಲ್ಲಿ ರಾಜಕೋಟೆಯ ಆಜಿ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಎದ್ದಿತು. ೧೯೯೨ರಲ್ಲಿ ‘ಬಾಲಾಜಿ ವೇಫರ್ಸ್’ ಎಂಬ ಕಂಪನಿ ರಚಿತವಾಯಿತು. ೧೯೯೫ರಲ್ಲಿ ಅಮೆರಿಕದ ‘ಲೇಸ್’ ಭಾರತವನ್ನು ಪ್ರವೇಶಿಸಿತು. ‘ಅಂಕಲ್ ಚಿಪ್ಸ್’ ಎಂಬ ಸ್ವದೇಶೀ ಹೆಸರು ೨೦೦೦ದಲ್ಲಿ ಅದೇ ಸಂಸ್ಥೆಯ ಪಾಲಾಯಿತು. ಆದರೆ ಗುಜರಾತಿನಲ್ಲಿ ಬಾಲಾಜಿ ತನ್ನ ನೆಲೆಯನ್ನು ಬಿಟ್ಟುಕೊಡಲಿಲ್ಲ. ಇಂದು ರಾಜಕೋಟೆಯಲ್ಲದೆ ವಲಸಾಡ ಮತ್ತು ಇಂದೂರುಗಳಲ್ಲಿಯೂ ಅದರ ಕಾರ್ಖಾನೆಗಳಿವೆ.

ಇದಕ್ಕೆ ಪರಿಶ್ರಮ, ರುಚಿ, ಬೆಲೆ ಇವೆಲ್ಲ ಕಾರಣಗಳೇ. ಆದರೆ ವಾಚಕರು ಸಾಮಾನ್ಯವಾಗಿ ಗಮನಿಸದ ಕಾರಣವೊಂದಿದೆ; ಅದು ಸಾಂದ್ರತೆ. ೩೦ ಗ್ರಾಂ ಚಿಪ್ಸಿನ ಒಂದು ಪೊಟ್ಟಣವು ಒಂದು ಲೀಟರಿನಷ್ಟು ಸ್ಥಳವನ್ನು ಆಕ್ರಮಿಸುತ್ತದೆಂದು ಇಟ್ಟುಕೊಳ್ಳೋಣ. ಒಂದು ಘನ ಮೀಟರಿನಲ್ಲಿ ಇಂತಹ ೧೦೦೦ ಪೊಟ್ಟಣಗಳು ಹಿಡಿಸುತ್ತವೆ. ಅವುಗಳೊಳಗಿನ ಚಿಪ್ಸಿನ ತೂಕ ೩೦ ಕಿಲೋಗ್ರಾಂ ಮಾತ್ರ. ಅಷ್ಟೇ ಸ್ಥಳದಲ್ಲಿ ಅಕ್ಕಿಯನ್ನು ತುಂಬಿದರೆ ತೂಕವು ಸುಮಾರು ೮೦೦ ಕಿಲೋಗ್ರಾಂ. ಎಂದರೆ ಚಿಪ್ಸ್ ಹೊತ್ತ ಲಾರಿಯು ಬಹುಮಟ್ಟಿಗೆ ಅನಿಲವನ್ನೇ ಸಾಗಿಸುತ್ತದೆ. ದೂರ ಹೆಚ್ಚಿದಂತೆಲ್ಲ ಬಾಡಿಗೆಯ ಹೊರೆ ಏರುತ್ತದೆ. ಹತ್ತಿರದಲ್ಲಿ ಕರಿದವನಿಗೆ ಈ ಹೊರೆಯಿಲ್ಲ. ಮೇಲಾಗಿ ಅವನ ಮಾಲು ಹೊಸದಾಗಿಯೇ ಗಿರಾಕಿಯನ್ನು ಮುಟ್ಟುತ್ತದೆ. ದೊಡ್ಡ ಸಂಸ್ಥೆಗಳು ಕೂಡ ದೇಶದ ಹಲವು ಕಡೆ ಕಾರ್ಖಾನೆಗಳನ್ನು ಇಡುವುದಕ್ಕೆ ಇದೂ ಒಂದು ಕಾರಣವಾಗಿದೆ.

ಬಾಣಲೆಯಲ್ಲಿ ನಡೆಯುವುದೇನು?

ಕರಿಯುವುದೆಂದರೆ ಎಣ್ಣೆಯನ್ನು ಸೇರಿಸುವ ಕ್ರಿಯೆಯೆಂದು ಅನೇಕರು ಭಾವಿಸುತ್ತಾರೆ. ನಿಜವಾಗಿ ಅದು ನೀರನ್ನು ಹೊರಗಟ್ಟುವ ಕ್ರಿಯೆ.

ಸಿಪ್ಪೆ ತೆಗೆದು ಕೊಯ್ದ ೧ ಕಿಲೋಗ್ರಾಂ ಬಟಾಟೆಯ ಬಿಲ್ಲೆಗಳನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು ೮೦೦ ಗ್ರಾಂ ನೀರು. ಉಳಿದ ೨೦೦ ಗ್ರಾಂ ಬಹುಪಾಲು ಪಿಷ್ಟ. ಸಿದ್ಧವಾದ ಚಿಪ್ಸಿನಲ್ಲಿ ನೀರು ನೂರಕ್ಕೆ ೨ರಷ್ಟು, ಎಣ್ಣೆ ನೂರಕ್ಕೆ ೩೫ರಷ್ಟು ಇರುತ್ತದೆಂದು ಇಟ್ಟುಕೊಂಡರೆ, ನಮಗೆ ದೊರೆಯುವ ಚಿಪ್ಸ್ ಸುಮಾರು ೩೧೭ ಗ್ರಾಂ. ಅದರಲ್ಲಿ ಎಣ್ಣೆ ೧೧೧ ಗ್ರಾಂ, ನೀರು ಬರಿಯ ೬ ಗ್ರಾಂ. ಉಳಿದ ೭೯೪ ಗ್ರಾಂ ನೀರು ಆವಿಯಾಗಿ ಹೋಯಿತು. ೧೦೦ ಡಿಗ್ರಿಯ ಈ ಆವಿಯ ಗಾತ್ರವೆಷ್ಟು ಗೊತ್ತೆ? ಸುಮಾರು ೧೩೦೦ ಲೀಟರು! ಬಾಣಲೆಯ ಆ ಭೋರ್ಗರೆತವೆಲ್ಲ ಈ ಆವಿಯದು.

ಒಂದು ಗ್ರಾಂ ನೀರು ಆವಿಯಾಗಲು ಬೇಕಾದ ಗುಪ್ತೋಷ್ಣವು ಸುಮಾರು ೨೨೬೦ ಜೂಲುಗಳು. ಹಾಗಾದರೆ ೭೯೪ ಗ್ರಾಂ ನೀರಿಗೆ ಸುಮಾರು ೧೮ ಲಕ್ಷ ಜೂಲುಗಳು ಬೇಕು. ಬಿಲ್ಲೆಗಳನ್ನು ೧೦೦ ಡಿಗ್ರಿಯವರೆಗೆ ಕಾಯಿಸುವ ಶಾಖವನ್ನೂ ಸೇರಿಸಿದರೆ ಮೊತ್ತ ೨೦ ಲಕ್ಷವನ್ನು ದಾಟುತ್ತದೆ. ಇಷ್ಟು ಶಾಖದಿಂದ ಆರೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಬೇರೆಯವರಿಗೆ ಎಣ್ಣೆಯ ಬೆಲೆಯೊಂದೇ ಕಾಣುತ್ತದೆ. ಉರುವಲಿನ ಬೆಲೆ ತಯಾರಕನಿಗೆ ಗೊತ್ತು.

ಎಣ್ಣೆಯ ಉಷ್ಣತೆ ೧೭೦ರಿಂದ ೧೮೦ ಡಿಗ್ರಿ ಸೆಂಟಿಗ್ರೇಡ್. ಆದರೆ ಬಿಲ್ಲೆಯೊಳಗೆ ನೀರಿರುವವರೆಗೂ ಅದರ ಉಷ್ಣತೆ ೧೦೦ ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಒದಗಿದ ಶಾಖವೆಲ್ಲ ಆವಿಗೆ ಸಲ್ಲುತ್ತದೆ. ನೀರು ತೀರುತ್ತ ಬಂದಂತೆ ಸದ್ದು ಅಡಗುತ್ತದೆ, ಗುಳ್ಳೆಗಳು ಕಡಮೆಯಾಗುತ್ತವೆ. ಅನುಭವಸ್ಥರು ಗಡಿಯಾರವನ್ನು ನೋಡುವುದಿಲ್ಲ, ಸದ್ದನ್ನು ಕೇಳುತ್ತಾರೆ. ಸದ್ದಡಗಿದ ಮೇಲೂ ಬಾಣಲೆಯಲ್ಲಿ ಬಿಟ್ಟರೆ ಬಿಲ್ಲೆಯ ಉಷ್ಣತೆ ಥಟ್ಟನೆ ಏರಿ ಅದು ಕಪ್ಪಾಗುತ್ತದೆ.

ಇನ್ನೊಂದು ಸೋಜಿಗವಿದೆ. ಆವಿಯು ರಭಸದಿಂದ ಹೊರಬರುತ್ತಿರುವಷ್ಟು ಕಾಲ ಎಣ್ಣೆಯು ಒಳಗೆ ನುಗ್ಗಲಾರದು. ಬಿಲ್ಲೆಯನ್ನು ಹೊರತೆಗೆದಾಗ ಅದರ ಮೈಗೆ ಎಣ್ಣೆಯ ಪದರ ಅಂಟಿರುತ್ತದೆ. ತಣ್ಣಗಾಗುತ್ತಿದ್ದಂತೆ ರಂಧ್ರಗಳಲ್ಲಿ ಉಳಿದ ಆವಿಯು ನೀರಾಗಿ, ಅಲ್ಲಿ ಒತ್ತಡ ಕುಸಿಯುತ್ತದೆ. ಹೊರಗಿನ ವಾಯುವಿನ ಒತ್ತಡವು ಆ ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ. ಆದುದರಿಂದ ಎಣ್ಣೆಯ ಬಹುಭಾಗವು ಒಳಸೇರುವುದು ಬಾಣಲೆಯಲ್ಲಿ ಅಲ್ಲ, ಬಾಣಲೆಯಿಂದ ತೆಗೆದ ಮೇಲೆ! ಚಿಪ್ಸ್ ಬಿಸಿಯಾಗಿರುವಾಗಲೇ ಝಾರಿಯಲ್ಲಿ ಚೆನ್ನಾಗಿ ಕೊಡವಿ ಬಸಿಯಬೇಕೆಂಬ ಹಿರಿಯರ ಮಾತಿನ ಹಿಂದೆ ಈ ತತ್ತ್ವವಿದೆ.

ಎಲ್ಲ ಬಟಾಟೆಯೂ ಒಂದೇ ಅಲ್ಲ

ಮೇಲಿನ ಲೆಕ್ಕದಲ್ಲಿ ಘನಾಂಶವು ೨೦೦ ಗ್ರಾಂ ಇದ್ದಿತು. ಅದು ೧೬೦ ಗ್ರಾಂ ಆಗಿದ್ದರೆ? ಚಿಪ್ಸ್ ೩೧೭ ಗ್ರಾಮಿನ ಬದಲು ೨೫೪ ಗ್ರಾಂ ಮಾತ್ರ ದೊರೆಯುತ್ತದೆ; ಆದರೆ ಹೊರಗಟ್ಟಬೇಕಾದ ನೀರು ಇನ್ನೂ ಹೆಚ್ಚು. ಉತ್ಪತ್ತಿಯು ಐದರಲ್ಲಿ ಒಂದು ಪಾಲು ತಗ್ಗಿತು, ಉರುವಲಿನ ಖರ್ಚು ಏರಿತು. ಸಣ್ಣ ತಯಾರಕನ ಲಾಭನಷ್ಟಗಳು ನಿರ್ಧಾರವಾಗುವುದು ಇಲ್ಲಿಯೇ.

ಎರಡನೆಯ ಗುಣ ಸಕ್ಕರೆಯದು. ಬಟಾಟೆಯಲ್ಲಿರುವ ಗ್ಲೂಕೋಸ್ ಮತ್ತು ಫ್ರುಕ್ಟೋಸುಗಳು ಅಮೈನೋ ಆಮ್ಲಗಳೊಡನೆ ಬಿಸಿಯಲ್ಲಿ ವರ್ತಿಸಿ ಹೊಂಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ೧೯೧೨ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರನ ಹೆಸರೇ ಈ ಕ್ರಿಯೆಗೆ ಸಂದಿದೆ. ಆದರೆ ಸಕ್ಕರೆ ಹೆಚ್ಚಾದರೆ ಹೊಂಬಣ್ಣವು ಕಂದಾಗಿ, ರುಚಿ ಕಹಿಯಾಗುತ್ತದೆ. ಬಟಾಟೆಯನ್ನು ೨ರಿಂದ ೪ ಡಿಗ್ರಿಯ ಶೀತಗೃಹದಲ್ಲಿ ಇರಿಸಿದಾಗ ಅದರ ಪಿಷ್ಟದ ಒಂದಂಶವು ಸಕ್ಕರೆಯಾಗಿ ಮಾರ್ಪಡುತ್ತದೆ. ಪಲ್ಯಕ್ಕೆ ಒಪ್ಪುವ ಈ ಬಟಾಟೆಯು ಚಿಪ್ಸಿಗೆ ಒಗ್ಗುವುದಿಲ್ಲ. ಅದಕ್ಕಾಗಿಯೇ ಚಿಪ್ಸಿನ ಬಟಾಟೆಯನ್ನು ೮ರಿಂದ ೧೨ ಡಿಗ್ರಿಗಳಲ್ಲಿ ಕಾಪಾಡುತ್ತಾರೆ.

ನಮ್ಮ ರಾಜ್ಯದಲ್ಲಿ ಹಾಸನ ಜಿಲ್ಲೆ ಬಟಾಟೆಗೆ ಹೆಸರಾದುದು. ಅಲ್ಲಿ ಬಹುಕಾಲದಿಂದ ಬೆಳೆಯುತ್ತಿರುವ ‘ಕುಫ್ರಿ ಜ್ಯೋತಿ’ ತಳಿಯು ೧೯೬೮ರಲ್ಲಿ ಬಿಡುಗಡೆಯಾಯಿತು. ಅದು ಮುಖ್ಯವಾಗಿ ಅಡಿಗೆಯ ಬಟಾಟೆ. ಹೆಚ್ಚು ಘನಾಂಶವೂ ಕಡಮೆ ಸಕ್ಕರೆಯೂ ಉಳ್ಳ, ಚಿಪ್ಸಿಗೆಂದೇ ಸಿದ್ಧಪಡಿಸಿದ ‘ಕುಫ್ರಿ ಚಿಪ್ಸೋನಾ’ ತಳಿಗಳನ್ನು ಸಿಮ್ಲಾದ ಕೇಂದ್ರ ಬಟಾಟೆ ಸಂಶೋಧನಾಲಯವು ೧೯೯೮ರಲ್ಲಿ ಹೊರತಂದಿತು.

ತಳಿಯ ಮೇಲೆ ಹಕ್ಕು ಯಾರದು ಎಂಬ ಪ್ರಶ್ನೆ ನ್ಯಾಯಾಲಯವನ್ನೂ ಏರಿತು. ತನ್ನ ಚಿಪ್ಸಿಗಾಗಿ ನೋಂದಾಯಿಸಿಕೊಂಡ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ೨೦೧೯ರಲ್ಲಿ ಪೆಪ್ಸಿಕೋ ಸಂಸ್ಥೆಯು ಗುಜರಾತಿನ ಕೆಲವು ರೈತರ ಮೇಲೆ ದಾವೆ ಹೂಡಿತು. ದೇಶದಲ್ಲೆಲ್ಲ ಆಕ್ಷೇಪಣೆ ಎದ್ದಿತು. ಆ ವರ್ಷದ ಮೇ ತಿಂಗಳಿನಲ್ಲಿ ಸಂಸ್ಥೆಯು ದಾವೆಗಳನ್ನು ಹಿಂತೆಗೆದುಕೊಂಡಿತು. ೨೦೨೧ರ ಡಿಸೆಂಬರಿನಲ್ಲಿ ಸಸ್ಯತಳಿ ಸಂರಕ್ಷಣಾ ಪ್ರಾಧಿಕಾರವು ಆ ನೋಂದಣಿಯನ್ನು ರದ್ದುಪಡಿಸಿತು. ೨೦೨೪ರ ಜನವರಿಯಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ರದ್ದತಿಯ ಆಜ್ಞೆಯನ್ನು ತೊಡೆದುಹಾಕಿತು. ಒಂದು ಗೆಡ್ಡೆಯ ಘನಾಂಶಕ್ಕೆ ಎಷ್ಟು ಬೆಲೆಯಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪೊಟ್ಟಣವು ಉಬ್ಬಿರುವುದೇಕೆ?

‘ಅರ್ಧ ಪೊಟ್ಟಣ ಬರಿಯ ಗಾಳಿ’ ಎಂಬ ದೂರು ಸಾಮಾನ್ಯವಾದುದು. ಅದರಲ್ಲಿ ಸ್ವಲ್ಪ ಸತ್ಯವಿದ್ದರೂ ಆ ‘ಗಾಳಿ’ ವ್ಯರ್ಥವಾದುದಲ್ಲ. ಚಿಪ್ಸಿಗೆ ಶತ್ರುಗಳು ಮೂರು: ತೇವ, ಆಮ್ಲಜನಕ, ಪೆಟ್ಟು. ತೇವವು ಗಾಜಿನಂತೆ ಪೆಡಸಾದ ಪಿಷ್ಟವನ್ನು ಮೆತ್ತಗಾಗಿಸುತ್ತದೆ. ಆಮ್ಲಜನಕವು ಎಣ್ಣೆಯನ್ನು ಕಮಟಾಗಿಸುತ್ತದೆ. ಪೆಟ್ಟು ಪುಡಿ ಮಾಡುತ್ತದೆ. ಕಾರ್ಖಾನೆಗಳು ಪೊಟ್ಟಣದೊಳಗೆ ವಾಯುವಿನ ಬದಲು ಸಾರಜನಕವನ್ನು ತುಂಬುತ್ತವೆ. ಅದು ಎಣ್ಣೆಯೊಡನೆ ವರ್ತಿಸುವುದಿಲ್ಲ, ಮೆತ್ತೆಯಂತೆ ಪೆಟ್ಟನ್ನೂ ತಡೆಯುತ್ತದೆ. ಹಾಳೆಯ ಒಳಮೈಯ ಹೊಳಪು ಅಲ್ಯೂಮಿನಿಯಮ್ಮಿನದು. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದಂಶಕ್ಕಿಂತಲೂ ಕಡಮೆ. ಆದರೂ ತೇವಕ್ಕೂ ಬೆಳಕಿಗೂ ಅದು ಗೋಡೆಯಾಗುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಬಾಯ್ಲನ ನಿಯಮವನ್ನೂ ಕಾಣಬಹುದು. ಕಾರವಾರದಲ್ಲಿ ಕೊಂಡ ಪೊಟ್ಟಣವು ಘಟ್ಟವನ್ನೇರಿ ಮುಂಡಗೋಡದ ಸೀಮೆಗೆ ಬಂದಾಗ ಇನ್ನಷ್ಟು ಬಿಗಿಯುತ್ತದೆ. ಸಮುದ್ರಮಟ್ಟಕ್ಕಿಂತ ಐದಾರು ನೂರು ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡವು ನೂರಕ್ಕೆ ಆರೇಳರಷ್ಟು ಕಡಮೆಯಾಗಿರುವುದೇ ಇದಕ್ಕೆ ಕಾರಣ.

ಗರಿಗರಿತನವನ್ನು ನಾವು ನಾಲಗೆಯಿಂದ ಮಾತ್ರವಲ್ಲ, ಕಿವಿಯಿಂದಲೂ ಸವಿಯುತ್ತೇವೆ. ೨೦೦೪ರಲ್ಲಿ ಜಂಪೀನಿ ಮತ್ತು ಸ್ಪೆನ್ಸ್ ಎಂಬ ವಿಜ್ಞಾನಿಗಳು ಕೆಲವರ ಕಿವಿಗೆ ಶ್ರವಣಸಾಧನವಿಟ್ಟು, ಅವರು ಚಿಪ್ಸನ್ನು ಕಡಿಯುವ ಸದ್ದನ್ನೇ ಮಾರ್ಪಡಿಸಿ ಕೇಳಿಸಿದರು. ಸದ್ದನ್ನು, ಅದರಲ್ಲಿಯೂ ಹೆಚ್ಚು ಆವರ್ತಾಂಕದ ಸದ್ದನ್ನು, ಏರಿಸಿದಾಗ ಅದೇ ಚಿಪ್ಸ್ ಹೆಚ್ಚು ಹೊಸದೆಂದೂ ಗರಿಗರಿಯೆಂದೂ ಅವರಿಗೆ ತೋರಿತು.

ಹಲಸಿನ ತೊಳೆಗೂ ಇದೇ ಶಾಸ್ತ್ರ

ಉತ್ತರ ಕನ್ನಡದಲ್ಲಿ ಬಟಾಟೆ ಮುಖ್ಯ ಬೆಳೆಯಲ್ಲ. ಆದರೆ ಹಲಸು ಹಿತ್ತಲು ಹಿತ್ತಲಲ್ಲಿದೆ. ಬೇಸಗೆಯಿಂದ ಮಳೆಗಾಲದ ಮೊದಲ ಭಾಗದವರೆಗೆ ಅದು ಒಮ್ಮೆಗೇ ಬಂದು, ತಿಂದು ಉಳಿದದ್ದು ಮರದ ಬುಡದಲ್ಲಿ ಕೊಳೆಯುತ್ತದೆ. ಬಲಿತರೂ ಹಣ್ಣಾಗದ ಬಕ್ಕೆ ಹಲಸಿನ ತೊಳೆಗಳನ್ನು ಸೀಳಿ ತೆಂಗಿನೆಣ್ಣೆಯಲ್ಲಿ ಕರಿದರೆ ಒಳ್ಳೆಯ ಚಿಪ್ಸ್ ಆಗುತ್ತದೆ. ಹಣ್ಣಾದ ಮೇಲೆ ಏಕೆ ಆಗದು? ಉತ್ತರವನ್ನು ವಾಚಕರು ಆಗಲೇ ಊಹಿಸಿರಬಹುದು. ಹಣ್ಣಾದಾಗ ಪಿಷ್ಟವು ಸಕ್ಕರೆಯಾಗುತ್ತದೆ. ಸಾಧಾರಣ ಬಾಣಲೆಯಲ್ಲಿ ಅದು ಗರಿಗರಿಯಾಗುವ ಮೊದಲೇ ಕಪ್ಪಾಗುತ್ತದೆ.

ತೊಳೆಗಳು ಬೇಯುತ್ತ ಬಂದಾಗ ಉಪ್ಪುನೀರನ್ನು ಕಾದ ಎಣ್ಣೆಗೇ ಚಿಮುಕಿಸುವ ಪದ್ಧತಿಯೂ ಸೊಗಸಾದುದು. ನೀರು ಕ್ಷಣಾರ್ಧದಲ್ಲಿ ಆವಿಯಾಗುತ್ತದೆ; ಅದರಲ್ಲಿ ಕರಗಿದ್ದ ಉಪ್ಪು ಸೂಕ್ಷ್ಮ ಹರಳುಗಳಾಗಿ ಎಲ್ಲ ತೊಳೆಗಳಿಗೂ ಸಮನಾಗಿ ಅಂಟುತ್ತದೆ. ಆದರೆ ನೀರು ಎಣ್ಣೆಗಿಂತ ಭಾರವಾದುದರಿಂದ ಒಳಗಿಳಿದು ಆವಿಯಾಗಿ ಎಣ್ಣೆಯನ್ನು ಸಿಡಿಸುತ್ತದೆ. ಕೈ ಪಳಗದವರು ಇದಕ್ಕೆ ತೊಡಗಬಾರದು.

ಇಲ್ಲಿನ ತಯಾರಕರಿಗೆ ಕಠಿಣವಾದ ಪರೀಕ್ಷೆ ಮಳೆಗಾಲ. ತೇವ ತುಂಬಿದ ಆಷಾಢದ ಗಾಳಿಯಲ್ಲಿ ತೆರೆದಿಟ್ಟ ಚಿಪ್ಸ್ ಬಹುಬೇಗ ಮೆತ್ತಗಾಗುತ್ತದೆ. ತೆಳುವಾದ ಸಾಧಾರಣ ಚೀಲವು ತೇವವನ್ನು ಪೂರ್ಣವಾಗಿ ತಡೆಯಲಾರದು. ಬೆಳಕನ್ನಂತೂ ತಡೆಯುವುದೇ ಇಲ್ಲ. ರುಚಿಯಲ್ಲಿ ಗೆದ್ದ ಮಾಲು ಚೀಲದಲ್ಲಿ ಸೋಲುವುದುಂಟು. ಒಳ್ಳೆಯ ಹಾಳೆ, ಬಿಗಿಯಾದ ಬೆಸುಗೆ, ಎಣ್ಣೆಯ ಉಷ್ಣತೆಯನ್ನು ಅಳೆಯುವ ಒಂದು ಉಷ್ಣಮಾಪಕ ಇವು ದುಬಾರಿಯಾದ ಸಾಧನಗಳಲ್ಲ. ಹಣ್ಣು, ಕಾಯಿ, ಗೆಡ್ಡೆಗಳ ಸಂಸ್ಕರಣದ ವಿಧಾನಗಳನ್ನು ಶೋಧಿಸಿ ಉದ್ಯಮಿಗಳಿಗೆ ಒದಗಿಸುವ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವು ೧೯೫೦ರಿಂದಲೂ ನಮ್ಮ ಮೈಸೂರಿನಲ್ಲಿಯೇ ಇದೆ.

ತಿನ್ನುವವರಿಗೆ ಎರಡು ಮಾತು

ಪಿಷ್ಟವುಳ್ಳ ಆಹಾರವನ್ನು ೧೨೦ ಡಿಗ್ರಿಗೆ ಮೀರಿ ಕರಿದಾಗ ಅಕ್ರಿಲಮೈಡ್ ಎಂಬ ವಸ್ತುವು ಉಂಟಾಗುತ್ತದೆಂದು ೨೦೦೨ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಪ್ರಾಣಿಗಳಲ್ಲಿ ಇದು ಅರ್ಬುದಕ್ಕೆ ಕಾರಣವಾಗುವುದು ಕಂಡುಬಂದಿದೆ. ಬಣ್ಣ ಕಂದಾದಷ್ಟೂ ಇದರ ಅಂಶ ಹೆಚ್ಚು. ಆದುದರಿಂದ ಕರಕಾದ ಬಿಲ್ಲೆಗಳನ್ನು ಬಿಡುವುದು ಒಳ್ಳೆಯದು. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗಲೂ ಅಹಿತಕರ ಸಂಯುಕ್ತಗಳು ಹುಟ್ಟುತ್ತವೆ. ಕರಿದ ಎಣ್ಣೆಯಲ್ಲಿ ‘ಧ್ರುವೀಯ ಸಂಯುಕ್ತ’ಗಳು ನೂರಕ್ಕೆ ೨೫ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಕೂಡದೆಂಬ ನಿಯಮವು ೨೦೧೮ರ ಜುಲೈ ೧ರಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ಇನ್ನು ೩೦ ಗ್ರಾಮಿನ ಒಂದು ಪೊಟ್ಟಣದಲ್ಲಿ ಸುಮಾರು ಎರಡು ಚಮಚೆ ಎಣ್ಣೆಯಿದೆಯೆಂಬುದನ್ನು ನೆನಪಿನಲ್ಲಿಟ್ಟರೆ, ಎಷ್ಟು ತಿನ್ನಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಒಂದು ಸುಲಭ ಪ್ರಯೋಗ

ಒಂದು ಲೀಟರ್ ನೀರಿನಲ್ಲಿ ೧೨೫ ಗ್ರಾಂ ಉಪ್ಪನ್ನು ಕರಗಿಸಿರಿ. ಈ ದ್ರಾವಣದ ಸಾಪೇಕ್ಷ ಸಾಂದ್ರತೆಯು ಸುಮಾರು ೧.೦೮. ಬೇರೆ ಬೇರೆ ಅಂಗಡಿಗಳಿಂದ ತಂದ ಬಟಾಟೆಗಳನ್ನು ತೊಳೆದು ಒರೆಸಿ ಒಂದೊಂದಾಗಿ ಅದರಲ್ಲಿ ಬಿಡಿರಿ. ಪಿಷ್ಟವು ನೀರಿಗಿಂತ ಸಾಂದ್ರವಾದುದರಿಂದ, ಮುಳುಗುವ ಬಟಾಟೆಯಲ್ಲಿ ಘನಾಂಶ ಹೆಚ್ಚು. ಅದು ಚಿಪ್ಸಿಗೆ ತಕ್ಕುದು. ತೇಲುವುದನ್ನು ಪಲ್ಯಕ್ಕೆ ಕಳುಹಿಸಿರಿ. ಎರಡು ಬಗೆಯವನ್ನೂ ಒಂದೇ ದಪ್ಪಕ್ಕೆ ಕೊಯ್ದು, ಮನೆಯ ಹಿರಿಯರ ಸಹಾಯದಿಂದ ಕರಿದು, ಮೊದಲಿನ ಮತ್ತು ಕೊನೆಯ ತೂಕಗಳನ್ನು ಬರೆದಿಡಿರಿ. ನಾವು ಮೇಲೆ ಕೊಟ್ಟ ಲೆಕ್ಕ ನಿಮ್ಮ ತಕ್ಕಡಿಯಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆಂದು ನೋಡಿರಿ.

ಈ ಪರೀಕ್ಷೆಗೆ ಬೇಕಾದುದು ಒಂದು ಪಾತ್ರೆ, ಒಂದು ತಕ್ಕಡಿ, ಒಂದು ಹಿಡಿ ಉಪ್ಪು. ದೊಡ್ಡ ಕಾರ್ಖಾನೆಗಳೂ ತಮ್ಮ ಬಟಾಟೆಯನ್ನು ಇದೇ ತತ್ತ್ವದಿಂದ ಪರೀಕ್ಷಿಸುತ್ತವೆ. ಪ್ರಕೃತಿಯ ನಿಯಮಗಳು ಬಂಡವಾಳವನ್ನು ನೋಡಿ ಬದಲಾಗುವುದಿಲ್ಲ. ಅವನ್ನು ಅರಿತು ಬಳಸಿಕೊಳ್ಳುವ ತರುಣನೋ ತರುಣಿಯೋ ಒಂದು ಊರಿನಲ್ಲಿದ್ದರೆ, ಹಿತ್ತಲಲ್ಲಿ ಕೊಳೆಯುವ ಹಲಸು ಆ ಊರಿನ ಹೆಸರನ್ನು ಹೊತ್ತು ದೂರದ ಪೇಟೆಗಳಿಗೆ ಹೋಗುವುದು ಅಸಾಧ್ಯವೇನಲ್ಲ.